ಕೈಗೆ ಹೇಳುವ ಮೊದಲು ಕಣ್ಣಿಗೆ ಕಲಿಸಿ



ಉಪ್ಪಿನಕಾಯಿಗೆ ಬೂಸಲು ಬಂತು, ರೇಷ್ಮೆ ಸೀರೆಗೆ ಎಣ್ಣೆ ಕಲೆ ಬಿತ್ತು, ಅತ್ತೆಯವರಿಗೆ ರಾತ್ರಿ ನಿದ್ದೆ ಬಾರದು ಎಂದು ನೀವು ಬರೆಯುವ ಕಾಗದಗಳಿಗೆ ತಿಳಿದಷ್ಟು ಉತ್ತರ ಕೊಡುವುದು ನನಗೆ ರೂಢಿ. ಆದರೆ ಈ ಸಲ ಮೊಳಕಾಲ್ಮೂರಿನ ಕಡೆಯಿಂದ ಬಂದ ಒಂದು ಕಾಗದ ಮೂರು ದಿನ ನನ್ನನ್ನು ಸುಮ್ಮನೆ ಕೂರಿಸಿಬಿಟ್ಟಿತು.

ಆ ತಾಯಿ ಬರೆದದ್ದು ಇಷ್ಟು. ಮಗಳು ಒಂಬತ್ತನೇ ತರಗತಿ, ಶಾಲೆಯ ಖೋ-ಖೋ ತಂಡದಲ್ಲಿದ್ದಾಳೆ. ದಿನಾ ಬೆಳಿಗ್ಗೆ ಐದು ಗಂಟೆಗೇ ಎದ್ದು ಹಿತ್ತಿಲಲ್ಲಿ ಎರಡು ಗೂಟ ನೆಟ್ಟುಕೊಂಡು ಓಡುತ್ತಾಳೆ. ಮೇಷ್ಟ್ರು ಹೇಳಿಕೊಟ್ಟ ಹೆಜ್ಜೆಗಳನ್ನು ನೂರು ಸಲ ಹಾಕುತ್ತಾಳೆ. ನೋಡಿದರೆ ಜಿಂಕೆಮರಿ. ಪಂದ್ಯಕ್ಕೆ ಇಳಿದಳೋ, ಅರ್ಧ ನಿಮಿಷವೂ ಆಗಿರುವುದಿಲ್ಲ, ಔಟು! ತಾಲ್ಲೂಕು ಮಟ್ಟದ ಪಂದ್ಯದಲ್ಲಿ ಮೂರು ಸಲವೂ ಹೀಗೇ ಆಯಿತು. “ಇವಳಿಗೆ ಆಟದ ಬುದ್ಧಿ ಇಲ್ಲ, ಸುಮ್ಮನೆ ಬಿಡಿಸಿ ಓದಿಗೆ ಹಾಕಿ ಅಂತ ಮನೆಯಲ್ಲಿ ಎಲ್ಲರೂ ಹೇಳ್ತಾರೆ. ನನಗೂ ಹಾಗೇ ಅನ್ನಿಸ್ತಿದೆ. ನೀವೇನಂತೀರಿ?”

ಹತ್ತನೇ ತರಗತಿ ಪಾಸು ಮಾಡಿ ಒಲೆ ಮುಂದೆ ನಿಂತವಳನ್ನು ಖೋ-ಖೋ ಬಗ್ಗೆ ಕೇಳುವುದೇ? ಮೊದಲು ನಗು ಬಂತು. ಆಮೇಲೆ ಎದೆ ಚುಳ್ಳೆಂದಿತು. ಯಾಕೆಂದರೆ ಇಂಥದ್ದೇ ಒಂದು ಮಾತನ್ನು ನಾನು ನನ್ನ ಮಗಳಿಗೆ ಹೇಳಿದ್ದೇನೆ.

ಅವಳಿಗೆ ಆಗ ಹನ್ನೆರಡು ವರ್ಷ. ಜೋಳದ ರೊಟ್ಟಿ ಕಲಿಸಲು ಕೂರಿಸಿದೆ. “ಬೆರಳು ಹೀಗೆ ಜೋಡಿಸು, ಮೊಣಕೈ ಎತ್ತಬೇಡ, ಅಂಗೈ ಚಪ್ಪಟೆ ಇಡು, ಅಯ್ಯೋ ಹಾಗಲ್ಲ!” ಎಂದು ಪಕ್ಕದಲ್ಲೇ ನಿಂತು ಒಂದೊಂದು ತಟ್ಟಿಗೂ ಒಂದೊಂದು ಮಾತು. ರೊಟ್ಟಿಯ ಅಂಚು ಒಡೆಯಿತು, ನಡುವೆ ತೂತು ಬಿತ್ತು. ಐದಾರು ದಿನ ನೋಡಿದೆ. ಕೊನೆಗೆ “ನಿನಗೆ ಕೈ ಬರೋಲ್ಲ ಬಿಡು” ಅಂದೆ. ಅಷ್ಟೇ. ಆ ಮಗು ಕೈ ತೊಳೆದುಕೊಂಡು ಎದ್ದು ಹೋದದ್ದು ಆಮೇಲೆ ಹಂಚಿನ ಹತ್ತಿರ ಬರಲಿಲ್ಲ. ನಾನೂ ಕರೆಯಲಿಲ್ಲ.

ನನ್ನ ತಮ್ಮ ದೈಹಿಕ ಶಿಕ್ಷಣದ ಮೇಷ್ಟ್ರು. ಈ ಕಾಗದವನ್ನು ಅವನಿಗೆ ಓದಿ ಹೇಳಿದೆ. ಅವನು ನಕ್ಕು, “ಅಕ್ಕಾ, ನಿನ್ನ ರೊಟ್ಟಿ, ಆ ಹುಡುಗಿಯ ಖೋ-ಖೋ ಎರಡೂ ಒಂದೇ ಕಾಯಿಲೆ” ಅಂದ. ತನ್ನ ಹತ್ತಿರ ಇದ್ದ ಪುಸ್ತಕಗಳನ್ನು ತಂದು, ಇಂಗ್ಲಿಷಿನಲ್ಲಿದ್ದುದನ್ನು ಎರಡು ಭಾನುವಾರ ಕೂತು ಕನ್ನಡದಲ್ಲಿ ಹೇಳಿದ. ಚಲನೆಯ ಮತ್ತು ಗ್ರಹಿಕೆಯ ಮನಃಶಾಸ್ತ್ರ ಅಂತ ಅದರ ಹೆಸರು. ಹೆಸರು ಕೇಳಿ ಹೆದರಬೇಡಿ. ಕಣ್ಣು ಏನು ನೋಡುತ್ತದೆ, ಅದಕ್ಕೆ ಮೈ ಹೇಗೆ ಓಗೊಡುತ್ತದೆ ಎನ್ನುವುದಷ್ಟೇ ಅದರ ವಿಷಯ. ದೊಡ್ಡ ದೊಡ್ಡ ಆಟಗಾರರನ್ನು, ವಿಮಾನ ನಡೆಸುವವರನ್ನು ತಯಾರು ಮಾಡುವುದಕ್ಕೆ ಅದನ್ನು ಬಳಸುತ್ತಾರೆ.

ಸುಮಾರು ನೂರು ವರ್ಷದ ಹಿಂದಿನ ಮಾತು. 1920ರ ದಶಕದಲ್ಲಿ ರಷ್ಯಾದ ಮಾಸ್ಕೋ ನಗರದಲ್ಲಿ ನಿಕೊಲಾಯ್ ಬರ್ನ್‌ಸ್ಟೈನ್ ಎಂಬ ವಿಜ್ಞಾನಿ ಸುತ್ತಿಗೆ ಹಿಡಿದು ಉಳಿಯ ಮೇಲೆ ಹೊಡೆಯುವ ಕೆಲಸಗಾರರನ್ನು ಪರೀಕ್ಷಿಸಿದ. ಅವರ ಭುಜ, ಮೊಣಕೈ, ಮಣಿಕಟ್ಟಿಗೆಲ್ಲ ಪುಟ್ಟ ಪುಟ್ಟ ವಿದ್ಯುತ್ ದೀಪ ಕಟ್ಟಿ, ಆ ಬೆಳಕು ಓಡಾಡುವ ದಾರಿಯನ್ನು ಫೋಟೋ ತೆಗೆದ. ಪಳಗಿದ ಕೈ ಅಂದರೆ ಪ್ರತಿ ಸಲವೂ ಯಂತ್ರದ ಹಾಗೆ ಒಂದೇ ದಾರಿಯಲ್ಲಿ ಹೋಗುತ್ತದೆ ಎಂದಲ್ಲವೇ ನಾವು ತಿಳಿದಿರುವುದು? ಫೋಟೋದಲ್ಲಿ ಬೇರೆಯೇ ಕಂಡಿತು. ಸುತ್ತಿಗೆ ಬೀಳುವ ಜಾಗ ಮಾತ್ರ ಸರಿಯಾಗಿ ಅದೇ. ಭುಜ, ಮೊಣಕೈಗಳ ದಾರಿ ಪ್ರತಿ ಸಲವೂ ಒಂದಿಷ್ಟು ಬೇರೆ! ಭುಜ ಸ್ವಲ್ಪ ಆಚೆ ಹೋದರೆ ಮಣಿಕಟ್ಟು ಈಚೆ ಬಂದು ಸರಿಮಾಡಿಕೊಳ್ಳುತ್ತದೆ. ಅಂದರೆ ಪಳಗಿದವನು ಕಲಿತಿರುವುದು ಒಂದು ಗೊತ್ತಾದ ಚಲನೆಯನ್ನಲ್ಲ, ಗುರಿ ಮುಟ್ಟುವ ಉಪಾಯವನ್ನು.

ನಾಳೆ ರೊಟ್ಟಿ ತಟ್ಟುವಾಗ ನಿಮ್ಮ ಕೈಯನ್ನೇ ಗಮನಿಸಿ. ಒಂದು ದಿನ ಹಿಟ್ಟು ಜಿಗುಟು, ಇನ್ನೊಂದು ದಿನ ಬಿರುಸು. ಹಳೇ ಜೋಳವಾದರೆ ಒಂದು ತರಹ, ಹೊಸದಾದರೆ ಇನ್ನೊಂದು ತರಹ. ನಿಮ್ಮ ಕೈ ಎರಡು ದಿನ ಒಂದೇ ರೀತಿ ತಟ್ಟುವುದಿಲ್ಲ. ಅಂಚು ಬಿರಿಯುವ ಸೂಚನೆ ಕಂಡ ಕೂಡಲೇ, ನೀವು ಯೋಚಿಸುವ ಮೊದಲೇ, ಬೆರಳು ಅಲ್ಲಿಗೆ ಹೋಗಿ ಒತ್ತಿರುತ್ತದೆ. ನಾನು ಮಗಳಿಗೆ ನನ್ನ ಮೊಣಕೈ ತೋರಿಸಿದೆ. ಅಂಚು ನೋಡು ಎಂದು ಒಂದು ಸಲವೂ ಹೇಳಲಿಲ್ಲ.

ಇದರ ಮೇಲೇ ಗೇಬ್ರಿಯಲ್ ವುಲ್ಫ್ ಎಂಬ ಹೆಣ್ಣುಮಗಳು ಬಹಳ ವರ್ಷ ಕೆಲಸ ಮಾಡಿದ್ದಾರೆ. ಹಿಮದ ಮೇಲೆ ಜಾರುವ ಆಟಕ್ಕೆ ಒಂದು ಅಭ್ಯಾಸದ ಯಂತ್ರವಿದೆ, ನಿಂತು ಅತ್ತ ಇತ್ತ ತೂಗುವಂಥದ್ದು. ಅದರ ಮೇಲೆ ಕಲಿಯುವವರಲ್ಲಿ ಕೆಲವರಿಗೆ “ನಿಮ್ಮ ಪಾದದ ಮೇಲೆ ಗಮನವಿಡಿ” ಎಂದೂ, ಇನ್ನು ಕೆಲವರಿಗೆ “ಕಾಲ ಕೆಳಗಿನ ಗಾಲಿಗಳ ಮೇಲೆ ಗಮನವಿಡಿ” ಎಂದೂ ಹೇಳಿದರಂತೆ. ಪಾದಕ್ಕೂ ಗಾಲಿಗೂ ನಡುವೆ ಎಷ್ಟು ದೂರ? ಒಂದು ಗೇಣೂ ಇಲ್ಲ. ಆದರೂ ಗಾಲಿಯನ್ನು ಮನಸ್ಸಿನಲ್ಲಿಟ್ಟುಕೊಂಡವರೇ ಚೆನ್ನಾಗಿ ಕಲಿತರು. 1998ರಲ್ಲಿ ಇದು ಪ್ರಕಟವಾಯಿತು. ತನ್ನ ಮೈಯನ್ನೇ ಕಾಯುತ್ತ ಕೂತವನ ಮೈ ಸೆಟೆದುಕೊಳ್ಳುತ್ತದೆ. ಕೆಲಸದ ಮೇಲೆ ಗಮನವಿಟ್ಟವನ ಮೈ ತಾನೇ ದಾರಿ ಹುಡುಕಿಕೊಳ್ಳುತ್ತದೆ. ತುಂಬಿದ ಲೋಟ ತರುವ ಮಗುವಿಗೆ “ಚೆಲ್ಲಬೇಡ, ಕೈ ನಡುಗಿಸಬೇಡ” ಅಂದರೆ ಆಗುವುದೇನೆಂದು ನಿಮಗೆ ಗೊತ್ತೇ ಇದೆ.

ಇನ್ನು ಕಣ್ಣಿನ ವಿಷಯ. ಆ ಹುಡುಗಿಗೆ ಬೇಕಾದದ್ದು ಇದೇ, ಅದಕ್ಕೇ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ರಸ್ತೆ ನಮ್ಮ ತಳಕಿನ ಮೇಲೆ ಹಾದು ಹೋಗುತ್ತದೆ. ಲಾರಿಗಳ ಕಾಟ ಹೇಳತೀರದು. ರಸ್ತೆ ದಾಟುವಾಗ ನಾವು ಲಾರಿಯ ವೇಗ ಎಷ್ಟು, ದೂರ ಎಷ್ಟು ಎಂದು ಲೆಕ್ಕ ಹಾಕುತ್ತೇವೆಯೇ? ಇಲ್ಲ. ಲಾರಿ ಕಣ್ಣಿಗೆ ಎಷ್ಟು ಬೇಗ ದೊಡ್ಡದಾಗುತ್ತಿದೆ ಎಂಬುದನ್ನು ನೋಡಿಯೇ ಕಾಲು ಮುಂದಿಡುತ್ತದೆ, ಇಲ್ಲವೇ ತಡೆಯುತ್ತದೆ. ಕಾಲನ್ನು ನಡೆಸಿದ್ದು ಕಣ್ಣು. ಆಟದಲ್ಲೂ ಹೀಗೇ.

ನಮ್ಮ ಪ್ರಕಾಶ್ ಪಡುಕೋಣೆಯವರ ಹೆಸರು ಕೇಳದವರು ಯಾರು? ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ ಅವರು ಬ್ಯಾಡ್ಮಿಂಟನ್ ಕಲಿತದ್ದು. ಮದುವೆ ಇದ್ದ ದಿನ ಆಟಕ್ಕೆ ರಜ! ಅಲ್ಲಿಂದ ಹೊರಟವರು 1980ರ ಮಾರ್ಚ್‌ನಲ್ಲಿ ಇಂಗ್ಲೆಂಡಿನಲ್ಲಿ ಇಂಡೋನೇಷ್ಯಾದ ಲೀಮ್ ಸ್ವೀ ಕಿಂಗ್‌ರನ್ನು 15-3, 15-10ರಿಂದ ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದರು. ಭಾರತದವರೊಬ್ಬರು ಅದನ್ನು ಗೆದ್ದದ್ದು ಅದೇ ಮೊದಲು. ಬಲವಾದ ಹೊಡೆತಕ್ಕಿಂತ ಮಣಿಕಟ್ಟಿನ ನಯಕ್ಕೂ, ಎದುರಾಳಿಯನ್ನು ಏಮಾರಿಸುವ ಹೊಡೆತಕ್ಕೂ ಅವರು ಹೆಸರಾದವರು. ಏಮಾರಿಸುವುದು ಎಂದರೇನು ಹೇಳಿ? ಎದುರಿನವನ ಕಣ್ಣಿಗೆ ಸುಳ್ಳು ಸುದ್ದಿ ಕೊಡುವುದು. ಕಾಕ್ ಎಲ್ಲಿ ಬೀಳುತ್ತದೆಂದು ಅವನು ಮೊದಲೇ ಓದಿಕೊಳ್ಳುತ್ತಿರುತ್ತಾನೆ, ಓದಿದ್ದು ತಪ್ಪಾಗುತ್ತದೆ, ಕಾಲು ಆ ಕಡೆ ಹೋಗಿಬಿಟ್ಟಿರುತ್ತದೆ.

ಮೊದಲೇ ಓದಿಕೊಳ್ಳುವುದು ಎಂದೆನಲ್ಲ, ಅದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಆಸ್ಟ್ರೇಲಿಯಾದ ಬ್ರೂಸ್ ಅಬರ್ನೆಥಿ ಎಂಬುವರು ಬ್ಯಾಡ್ಮಿಂಟನ್ ಆಟಗಾರರ ಹೊಡೆತಗಳನ್ನು ಎದುರಾಳಿ ನಿಲ್ಲುವ ಕಡೆಯಿಂದ ಚಿತ್ರೀಕರಿಸಿ, ಆ ಫಿಲ್ಮನ್ನು ಬೇರೆ ಬೇರೆ ಕ್ಷಣದಲ್ಲಿ ಕತ್ತರಿಸಿದರು. ಕಾಕಿಗೆ ಬ್ಯಾಟು ತಗಲುವ ಮುಂಚೆಯೇ ಚಿತ್ರ ನಿಂತುಬಿಡುತ್ತದೆ. “ಈಗ ಹೇಳಿ, ಕಾಕ್ ಎಲ್ಲಿ ಬಿತ್ತು?” ಹೊಸಬರು ತಡಬಡಾಯಿಸಿದರು, ಪಳಗಿದವರು ಹೆಚ್ಚು ಸರಿಯಾಗಿ ಹೇಳಿದರು. ಇನ್ನೊಂದು ಪರೀಕ್ಷೆಯಲ್ಲಿ ಚಿತ್ರದೊಳಗೆ ಒಮ್ಮೆ ಬ್ಯಾಟನ್ನು, ಒಮ್ಮೆ ತೋಳನ್ನು ಮರೆಮಾಡಿದರು. ಹೊಸಬರು ನೋಡುತ್ತಿದ್ದುದು ಬ್ಯಾಟನ್ನು ಮಾತ್ರ. ಪಳಗಿದವರು ಬ್ಯಾಟಿನ ಜತೆಗೆ ತೋಳನ್ನೂ ಓದುತ್ತಿದ್ದರು. ತೋಳು ಬ್ಯಾಟಿಗಿಂತ ಮೊದಲು ಹೊರಡುತ್ತದಲ್ಲ! ಹಾಗಾಗಿ ಅವರಿಗೆ ಸುದ್ದಿ ಮುಂಚೆ ಮುಟ್ಟುತ್ತದೆ, ಕಾಲಿಗೆ ಪುರುಸೊತ್ತು ಸಿಗುತ್ತದೆ. ಇದು 1987ರ ಕೆಲಸ. ನಾವು ಟಿ.ವಿ. ಮುಂದೆ ಕೂತು “ಅಬ್ಬಾ, ಎಂಥ ಚುರುಕು ಕಾಲು!” ಅನ್ನುತ್ತೇವೆ. ಕಾಲಿಗಿಂತ ಮೊದಲು ಚುರುಕಾದದ್ದು ಕಣ್ಣು.

ಕ್ರಿಕೆಟ್ಟಿನಲ್ಲೂ ಅಷ್ಟೇ. ವೇಗದ ಬೌಲರ್ ಕೈಯಿಂದ ಬಿಟ್ಟ ಚೆಂಡು ಬ್ಯಾಟಿಗೆ ಬರಲು ಅರ್ಧ ಸೆಕೆಂಡೂ ಹಿಡಿಯುವುದಿಲ್ಲ. ಇಂಗ್ಲೆಂಡಿನ ಇಬ್ಬರು ವಿಜ್ಞಾನಿಗಳು ಬ್ಯಾಟ್ಸ್‌ಮನ್ನರ ತಲೆಗೆ ಪುಟ್ಟ ಕ್ಯಾಮೆರಾ ಕಟ್ಟಿ ಕಣ್ಣು ಹೋಗುವ ದಾರಿ ಹಿಡಿದು, ಅದನ್ನು 2000ದಲ್ಲಿ ಪ್ರಕಟಿಸಿದರು. ಒಳ್ಳೆಯ ಆಟಗಾರ ಚೆಂಡನ್ನು ಉದ್ದಕ್ಕೂ ಹಿಂಬಾಲಿಸುವುದಿಲ್ಲ. ಕೈ ಬಿಟ್ಟದ್ದನ್ನು ಒಂದಿಷ್ಟು ನೋಡಿ, ಚೆಂಡು ಪುಟಿಯುವ ಜಾಗಕ್ಕೆ ಕಣ್ಣನ್ನು ಮೊದಲೇ ನೆಗೆಸಿ ಅಲ್ಲಿ ಕಾದಿರುತ್ತಾನೆ. ಆಟ ಬಾರದವನ ಕಣ್ಣು ಅಲ್ಲಿಗೆ ತಡವಾಗಿ ಹೋಗುತ್ತದೆ.

ಈಗ ನಮ್ಮ ಹುಡುಗಿಯ ಹಿತ್ತಿಲಿಗೆ ಬನ್ನಿ. ಎರಡು ಗೂಟ, ಅವಳೊಬ್ಬಳು. ಬೆನ್ನಟ್ಟುವವರು ಯಾರೂ ಇಲ್ಲ! ಖೋ-ಖೋದಲ್ಲಿ ಎಂಟು ಜನ ಸಾಲಾಗಿ ಕೂತಿರುತ್ತಾರೆ, ಒಬ್ಬರು ಈ ಕಡೆಗೆ ಮುಖ ಮಾಡಿದರೆ ಪಕ್ಕದವರು ಆ ಕಡೆಗೆ. ಖೋ ಸಿಕ್ಕವಳು ತಾನು ಮುಖ ಮಾಡಿದ ಕಡೆಗೇ ಏಳಬೇಕು. ಒಂದು ದಿಕ್ಕು ಹಿಡಿದಮೇಲೆ ಕಂಬದವರೆಗೆ ಹಿಂದಕ್ಕೆ ತಿರುಗುವ ಹಾಗಿಲ್ಲ. ನಮ್ಮ ಕಾಲದ ಲಂಗ ದಾವಣಿಯ ಖೋ-ಖೋದಲ್ಲೂ ಇದೇ ಕಟ್ಟಳೆ. ಅಂದಮೇಲೆ ಓಡುವವಳಿಗೆ ಓದಿಕೊಳ್ಳುವುದಕ್ಕೆ ಎಷ್ಟೊಂದು ಇದೆ! ಯಾರು ಯಾವ ಕಡೆ ಮುಖ ಮಾಡಿ ಕೂತಿದ್ದಾಳೆ, ಬೆನ್ನಟ್ಟುವವಳ ಭುಜ ಯಾವ ಕಡೆ ವಾಲಿತು, ಖೋ ಕೊಡಲು ಕೈ ಮುಂದೆ ಬಂತೋ ಇಲ್ಲ ಬರೀ ಆಸೆ ತೋರಿಸಿತೋ... ಹಿತ್ತಿಲಲ್ಲಿ ಇದರಲ್ಲಿ ಒಂದೂ ಇಲ್ಲ. ಅವಳು ನೂರು ಸಲ ಕಲಿತದ್ದು ಹೆಜ್ಜೆಯನ್ನು, ಪಂದ್ಯದಲ್ಲಿ ಬೇಕಾದದ್ದು ಓದು. ಅಕ್ಷರ ತಿದ್ದಿದ ಮಗುವಿನ ಕೈಗೆ ಏಕ್‌ದಂ ಪುಸ್ತಕ ಕೊಟ್ಟ ಹಾಗೆ.

ಮೇಷ್ಟ್ರನ್ನು ದೂರಬೇಡಿ ತಾಯಿ. ಅರವತ್ತು ಮಕ್ಕಳಿಗೆ ಒಬ್ಬರೇ ಇದ್ದರೆ ಸಾಲಾಗಿ ನಿಲ್ಲಿಸಿ ಹೆಜ್ಜೆ ಹಾಕಿಸದೆ ಇನ್ನೇನು ಮಾಡಿಯಾರು?

ಮನೆಯಲ್ಲಿ ಮಾಡಬಹುದಾದ್ದನ್ನು ತಮ್ಮನನ್ನು ಕೇಳಿ ಬರೆದಿದ್ದೇನೆ. ಒಬ್ಬಳೇ ಓಡುವುದನ್ನು ಕಡಿಮೆ ಮಾಡಿ. ಓಣಿಯ ಮಕ್ಕಳು ನಾಲ್ಕೈದು ಜನ ಸಾಕು. ದಪ್ಪಗಿನವಳು, ಸಣ್ಣವಳು, ಚೋಟುದ್ದದ ತಮ್ಮ, ಯಾರಾದರೂ ಸರಿ. ಇಬ್ಬರು ಮೂವರು ಕೂತುಕೊಳ್ಳಲಿ, ಒಬ್ಬರು ಅಟ್ಟಲಿ. ಜಾಗ ಒಂದು ದಿನ ಕಿರಿದು, ಒಂದು ದಿನ ಅಗಲ. ಬೆನ್ನಟ್ಟುವವರು ದಿನಾ ಬದಲಾಗಲಿ. ಇನ್ನೊಂದು ಆಟ ಇದೆ, ಇದಕ್ಕೆ ಓಡುವುದೇ ಬೇಡ. ನಿಮ್ಮ ಮಗಳು ನಿಂತಲ್ಲೇ ನಿಂತಿರಲಿ, ಎದುರಿಗಿನ ಹುಡುಗಿ ಎಡಕ್ಕೋ ಬಲಕ್ಕೋ ಹೊರಡಲಿ. ಅವಳು ಮೊದಲ ಹೆಜ್ಜೆ ಕಿತ್ತಿಡುವಷ್ಟರಲ್ಲಿ ಇವಳು ದಿಕ್ಕು ಹೇಳಬೇಕು. ಮುಖ ನೋಡಿದರೆ ಮೋಸ ಹೋಗುತ್ತಾಳೆ, ಮುಖ ಸುಳ್ಳು ಹೇಳಬಲ್ಲದು. ಭುಜ, ಸೊಂಟಕ್ಕೆ ಸುಳ್ಳು ಹೇಳುವುದು ಅಷ್ಟು ಸುಲಭವಲ್ಲ. ಆದರೆ ಇದನ್ನೂ ನೀವು ಹೇಳಿಕೊಡಬೇಡಿ. “ಹೇಗೆ ಗೊತ್ತಾಯ್ತೇ ನಿನಗೆ?” ಎಂದು ಕೇಳಿ, ಸಾಕು. ಅವಳೇ ಹುಡುಕಿಕೊಳ್ಳುತ್ತಾಳೆ.

ಹೀಗೆ ಮಾಡಿದರೆ ಮೊದಲ ವಾರ ನಿಮಗೆ ಭಯವಾಗುತ್ತದೆ. ಹಿತ್ತಿಲಲ್ಲಿ ಜಿಂಕೆಯಂತಿದ್ದವಳು ಈಗ ಅಭ್ಯಾಸದಲ್ಲೂ ಔಟಾಗುತ್ತಾಳೆ! ಇಲ್ಲೇ ಬಹಳ ಜನ ಕೈಬಿಡುವುದು. 1978ರಲ್ಲಿ ಕೆರ್ ಮತ್ತು ಬೂತ್ ಎಂಬಿಬ್ಬರು ಎಂಟು ವರ್ಷದ ಮಕ್ಕಳಿಗೆ ಬಟ್ಟೆಯ ಪುಟ್ಟ ಚೀಲವನ್ನು ಗುರಿಗೆ ಎಸೆಯುವ ಆಟ ಕಲಿಸಿದರು. ಒಂದು ಗುಂಪು ದಿನವೂ ಮೂರು ಅಡಿಯ ಗುರಿಗೇ ಎಸೆಯಿತು. ಇನ್ನೊಂದು ಗುಂಪು ಎರಡು ಅಡಿಗೂ ನಾಲ್ಕು ಅಡಿಗೂ ಎಸೆಯಿತು, ಮೂರು ಅಡಿಗೆ ಒಮ್ಮೆಯೂ ಇಲ್ಲ. ಕೊನೆಯ ಪರೀಕ್ಷೆ ಮೂರು ಅಡಿಯ ಗುರಿ. ಗೆದ್ದವರು ಯಾರು? ಮೂರು ಅಡಿಯನ್ನೇ ಕಾಣದ ಮಕ್ಕಳು! ನಾನು ತಮ್ಮನನ್ನು ಎರಡು ಸಲ ಓದಿಸಿದೆ, ನಂಬಿಕೆ ಬರಲಿಲ್ಲ. ಬ್ಯಾಡ್ಮಿಂಟನ್ನಿನಲ್ಲೂ ಹೀಗೆಯೇ ಆಗಿದೆಯಂತೆ. ಆಟ ಹೊಸದಾಗಿ ಕಲಿಯುವ ಹುಡುಗಿಯರಿಗೆ ಮೂರು ಬಗೆಯ ಸರ್ವೀಸು ಕಲಿಸಿದಾಗ, ಒಂದು ಮುಗಿಸಿ ಇನ್ನೊಂದು ಎಂದು ಸಾಲಾಗಿ ಕಲಿತವರಿಗಿಂತ ಮೂರನ್ನೂ ಕಲಸಿ ಕಲಸಿ ಕಲಿತವರ ಕೈಯಲ್ಲೇ ಕೊನೆಗೆ ಅದು ಉಳಿಯಿತು. ಅಭ್ಯಾಸ ಸಲೀಸಾಗಿ ಸಾಗಿದರೆ ಕಲಿಕೆ ಸಾಗಿದೆ ಎಂದು ಅರ್ಥವಲ್ಲ. ಇದನ್ನು ನುಂಗಿಕೊಳ್ಳುವುದು ತಾಯಂದಿರಿಗೆ ಕಷ್ಟ, ನನಗೂ ಕಷ್ಟವಾಯಿತು.

ಪಂದ್ಯದಲ್ಲಿ ಕಾಲು ಕಟ್ಟಿದ ಹಾಗಾಗುತ್ತದೆ ಎಂದೂ ಬರೆದಿದ್ದೀರಿ. ಅದಕ್ಕೆ ಬೆಂಗಳೂರಿನಲ್ಲಿರುವ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯ ಮಾತು ಹೇಳುತ್ತೇನೆ. ವಾಯುಪಡೆಯದು, 1957ರಲ್ಲಿ ಶುರುವಾದದ್ದು. ಗಗನಯಾನಕ್ಕೆ ಪೈಲಟ್‌ಗಳನ್ನು ಪರೀಕ್ಷಿಸಿ ಆರಿಸಿದ್ದೂ ಅಲ್ಲೇ. ಮೋಡದೊಳಗೆ ಹೊಕ್ಕ ಪೈಲಟ್‌ನ ಮೈ ಅವನಿಗೆ ಸುಳ್ಳು ಹೇಳುತ್ತದೆ. ವಿಮಾನ ತಿರುಗುತ್ತಿದ್ದರೂ ನೆಟ್ಟಗಿದೆ ಅನ್ನಿಸುತ್ತದೆ, ನೆಟ್ಟಗಾದಾಗ ಇನ್ನೊಂದು ಕಡೆ ತಿರುಗಿದಂತೆ ಅನ್ನಿಸುತ್ತದೆ. ಚಿಕ್ಕಂದಿನಲ್ಲಿ ಕೈ ಕೈ ಹಿಡಿದು ಗಿರಗಿರನೆ ಸುತ್ತಿ ನಿಂತಾಗ ಅಂಗಳವೆಲ್ಲ ತಿರುಗುತ್ತಿತ್ತಲ್ಲ, ಅದೇ ಕಾರಣ, ಕಿವಿಯೊಳಗಿನ ನೀರು. ಪುಸ್ತಕದಲ್ಲಿ ಓದಿಕೋ ಎಂದು ಅಲ್ಲಿ ಬಿಟ್ಟುಬಿಡುವುದಿಲ್ಲ. ನೆಲದ ಮೇಲಿನ ಯಂತ್ರದಲ್ಲಿ ಕೂರಿಸಿ, ಅಪಾಯವಿಲ್ಲದ ಕಡೆ ಆ ತಬ್ಬಿಬ್ಬನ್ನೇ ಅನುಭವಕ್ಕೆ ತಂದುಕೊಡುತ್ತಾರೆ. ಆಕಾಶದಲ್ಲಿ ಅದು ಬಂದಾಗ ಹಳೇ ಪರಿಚಯ. ಆಗ ಅವನು ಮೈಯ ಮಾತು ಬಿಟ್ಟು ಮುಂದಿನ ಗಡಿಯಾರಗಳಂಥ ಮಾಪಕಗಳನ್ನು ನಂಬುತ್ತಾನೆ.

ನಿಮ್ಮ ಮಗಳಿಗೂ ಗದ್ದಲವನ್ನು ಮನೆಗೇ ತನ್ನಿ. ಓಣಿಯ ಮಕ್ಕಳು ಕಿರುಚಲಿ, ತಟ್ಟೆ ಬಡಿಯಲಿ, “ಔಟು ಔಟು” ಎಂದು ಕೂಗಲಿ. ಅಕ್ಕಪಕ್ಕದವರು ಬೈದರೆ ಒಂದು ಲೋಟ ಕಾಫಿ ಕೊಟ್ಟರಾಯಿತು.

ಇನ್ನು ಬಿಡಿಸುವ ಮಾತು. ಒಂದು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅದೇ ಮಗ ಮೂರು ಪಂದ್ಯ ಸೋತಿದ್ದರೆ ಮನೆಯಲ್ಲಿ ಏನನ್ನುತ್ತಿದ್ದರು? “ಮುಂದಿನ ಸಲ ನೋಡೋಣ” ಅನ್ನುತ್ತಿದ್ದರು. ಮಗಳು ಸೋತರೆ “ಸಾಕು” ಅನ್ನುವುದು ಆಟದ ಬುದ್ಧಿ ಇಲ್ಲವೆಂದೋ, ಅಥವಾ ಅವಳಿಗೆ ಹದಿನೈದು ತುಂಬುತ್ತ ಬಂತೆಂದೋ? ಎರಡನೆಯದಾದರೆ ಅದನ್ನೇ ಬಾಯಿಬಿಟ್ಟು ಹೇಳಲಿ, ಮಗುವಿನ ಬುದ್ಧಿಯ ಮೇಲೆ ಯಾಕೆ ಹಾಕಬೇಕು? 2025ರ ಜನವರಿ 19ರಂದು ದೆಹಲಿಯಲ್ಲಿ ಮೊಟ್ಟಮೊದಲ ಖೋ-ಖೋ ವಿಶ್ವಕಪ್ಪಿನ ಫೈನಲ್ ನಡೆಯಿತು. ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದಲ್ಲಿ ಮಿಂಚಿದ ಬಿ. ಚೈತ್ರಾ ಮೈಸೂರು ಜಿಲ್ಲೆ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಹುಡುಗಿ. ಅದೂ ನಮ್ಮಂಥದ್ದೇ ಹಳ್ಳಿ. ನಿಮ್ಮ ಮಗಳು ಅಷ್ಟು ಎತ್ತರಕ್ಕೆ ಹೋಗುತ್ತಾಳೆ ಎಂದು ನಾನು ಹೇಳುತ್ತಿಲ್ಲ, ಯಾರೂ ಹೇಳಲಾರರು. ಬಿಡುವುದಾದರೆ ಅವಳೇ ಬಿಡಲಿ, ಬುದ್ಧಿ ಇಲ್ಲ ಅನ್ನಿಸಿಕೊಂಡು ಬಿಡುವುದು ಬೇಡ.

ನನ್ನ ಮಗಳು ಈಗ ದಾವಣಗೆರೆಯಲ್ಲಿ ಕೆಲಸದಲ್ಲಿದ್ದಾಳೆ, ಗೆಳತಿಯರ ಜತೆ ರೂಮು ಮಾಡಿಕೊಂಡಿದ್ದಾಳೆ. ಕಳೆದ ತಿಂಗಳು ಬಂದಾಗ, ನನ್ನ ಕೈಗೆ ಉಳುಕಿತ್ತೆಂದು, ತಾನೇ ಹಿಟ್ಟಿನ ಪರಾತ ಎಳೆದುಕೊಂಡಳು. ನಾನು ಬಾಗಿಲಲ್ಲೇ ನಿಂತೆ. ಬೆರಳು ಅಗಲಿಸುತ್ತಾಳೆ, ಮೊಣಕೈ ಎತ್ತುತ್ತಾಳೆ, ರೊಟ್ಟಿ ತಿರುಗಿಸುವುದು ಎಡಗೈಯಲ್ಲಿ. ನಾನು ಬೇಡವೆಂದದ್ದೆಲ್ಲವೂ ಇದೆ! ಆದರೆ ಕಣ್ಣು ಅಂಚಿನ ಮೇಲೇ. ಎಲ್ಲೂ ಒಡೆಯಲಿಲ್ಲ. “ಯಾರೇ ಕಲಿಸಿದ್ದು?” ಅಂದೆ. “ಯಾರೂ ಇಲ್ಲಮ್ಮ. ರೂಮಿನಲ್ಲಿ ಪಕ್ಕದಲ್ಲಿ ನಿಲ್ಲುವವರು ಯಾರೂ ಇರಲಿಲ್ಲವಲ್ಲ” ಅಂದಳು. ನಗುತ್ತಲೇ ಅಂದಳು.

ಮೊದಲ ರೊಟ್ಟಿ ನನಗೇ ಹಾಕಿದಳು. ಶೇಂಗಾ ಚಟ್ನಿಪುಡಿ, ಬೆಣ್ಣೆ ಇತ್ತು. ಏನೂ ಮಾತಾಡದೆ ತಿಂದೆ.

ಮೊಳಕಾಲ್ಮೂರಿನ ಸೋದರಿ, ಮುಂದಿನ ಪಂದ್ಯ ಮುಗಿದ ಮೇಲೆ ಒಂದು ಕಾಗದ ಹಾಕಿ. ಸೋತರೂ ಹಾಕಿ.